ಎರಡು ಅಡಿಯ ಬಗ್ಗೆ ಅಣ್ಣನನ್ನು ಕೇಳಿ ತಿಳಿಸುವ ಕುರಿತು

ಇಂದ:
ಕೊರೆಯುವ ಯಂತ್ರದ ಚಾಲಕ (ಹಿರಿಯ ಶ್ರೇಣಿ),
ಹಳೇ ಒಳಚರಂಡಿ ಕೊಳವೆಗಳ ಪುನಶ್ಚೇತನ ಘಟಕ,
ಪಂಪ್‌ಹೌಸಿನ ಹಿಂದಿನ ತಗಡಿನ ಶೆಡ್ಡು.

ಗೆ:
ಕಾರ್ಯನಿರ್ವಾಹಕ ಎಂಜಿನಿಯರ್ ಅವರು,
ಅದೇ ಘಟಕ, ಆದರೆ ಮೊದಲನೇ ಮಹಡಿ, ಫ್ಯಾನು ತಿರುಗುವ ಕೋಣೆ.

ವಿಷಯ: ಗುರುವಾರದ ಕೆಲಸದ ಅಳತೆ ಪಟ್ಟಿಯಲ್ಲಿ ಸೊನ್ನೆಯನ್ನು ಆಳುಗುಂಡಿಯ (ಮ್ಯಾನ್‌ಹೋಲಿನ) ಮಧ್ಯದಿಂದ ಹಿಡಿಯಲಾಗಿದೆಯೋ, ಕೊಳವೆಯ ಅಂಚಿನಿಂದ ಹಿಡಿಯಲಾಗಿದೆಯೋ ಎಂಬುದನ್ನು ಅರ್ಜಿದಾರನ ಸ್ವಂತ ಅಣ್ಣನಿಂದ ಕೇಳಿ ತಿಳಿಸಿಕೊಡುವ ಬಗ್ಗೆ.

ಉಲ್ಲೇಖ:
1. ಹನ್ನೊಂದು ತಪ್ಪು ತೂತುಗಳ ಬಗ್ಗೆ ತಾವು ಹೊರಡಿಸಿದ ಕಾರಣ ಕೇಳುವ ನೋಟಿಸು.
2. ಅದಕ್ಕೆ ಅರ್ಜಿದಾರನು ಕೊಟ್ಟ ಉತ್ತರ.
3. ಅದೇ ನೋಟಿಸಿಗೆ ಅಣ್ಣ ಕೊಟ್ಟ ಉತ್ತರ (ಓದಬಾರದಿತ್ತು, ಓದಿದ್ದಾಗಿದೆ).
4. ಕಿರಿಯ ಎಂಜಿನಿಯರಮ್ಮನವರ ಮೌಖಿಕ ಆದೇಶ: "ಏನಿದ್ರೂ ಬರೆದು ಕೊಡಿ, ನನ್ನ ತಲೆ ತಿನ್ಬೇಡಿ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಅರ್ಜಿದಾರನು ತನ್ನ ಅಣ್ಣನಿಗೆ ಒಂದು ಪ್ರಶ್ನೆ ಕೇಳಬೇಕಾಗಿದೆ. ಪ್ರಶ್ನೆಯ ಉದ್ದ ಎರಡು ಪದ. ಅಣ್ಣ ಕೂರುವುದು ಅರ್ಜಿದಾರನ ಕುರ್ಚಿಯಿಂದ ಏಳು ಹೆಜ್ಜೆ ದೂರದಲ್ಲಿ. ಆದರೂ ಆ ಪ್ರಶ್ನೆ ಹದಿನೆಂಟು ಮೆಟ್ಟಿಲು ಹತ್ತಿ ತಮ್ಮ ಮೇಜಿಗೆ ಬಂದು, ಮೊಹರು ಬಿದ್ದು, ಮತ್ತೆ ಹದಿನೆಂಟು ಮೆಟ್ಟಿಲು ಇಳಿದು ಅಣ್ಣನ ಬಳಿ ಹೋಗಬೇಕಾದ ಕಾರಣಗಳನ್ನು ಕೆಳಗೆ ನಿವೇದಿಸಿಕೊಳ್ಳಲಾಗಿದೆ. ಕಛೇರಿ ಪತ್ರದಲ್ಲಿ 'ನಾನು' ಎಂದು ಬರೆಯುವುದು ಅಹಂಕಾರವೆಂದು ತಲೆಗುಮಾಸ್ತರು ಹಿಂದಿನ ಎರಡು ಪ್ರತಿಗಳನ್ನು ವಾಪಸು ಎಸೆದ ಕಾರಣ, ಇದರಲ್ಲಿ ಅರ್ಜಿದಾರನು ಕೊನೆಯವರೆಗೂ ಅರ್ಜಿದಾರನೇ ಆಗಿರುತ್ತಾನೆ.

1. ಕೆಲಸದ ಸ್ವರೂಪ ತಮಗೆ ತಿಳಿದದ್ದೇ. ಆದರೆ ಅರ್ಜಿ ಇನ್ನೂ ಯಾರ್ಯಾರ ಮೇಜು ಸುತ್ತುವುದೋ ಹೇಳಲಾಗದ ಕಾರಣ ಚಿಕ್ಕದಾಗಿ ವಿವರಿಸಲಾಗಿದೆ. ಈ ಊರಿನ ನೆಲದಡಿಯ ಮಣ್ಣಿನ ಕೊಳವೆಗಳಿಗೆ ಅರವತ್ತು ದಾಟಿದೆ. ಅರವತ್ತು ದಾಟಿದವರಿಗೆ ಆಗುವುದೆಲ್ಲ ಅವಕ್ಕೂ ಆಗಿದೆ: ಕೀಲು ಸಡಿಲ, ಮೈಯೆಲ್ಲ ಬಿರುಕು, ಒಳಗೆ ಕೊಬ್ಬು, ಅಲ್ಲಲ್ಲಿ ಸೋರಿಕೆ. ಅಗೆದು ಬದಲಿಸೋಣವೆಂದರೆ ಮೇಲೆ ರಸ್ತೆಯಿದೆ, ರಸ್ತೆಯ ಪಕ್ಕ ಅಂಗಡಿಯಿದೆ, ಅಂಗಡಿಯ ಹಿಂದೆ ವಕೀಲರಿದ್ದಾರೆ. ಆದ್ದರಿಂದ ಅಗೆಯದೆ, ರಾಳದಲ್ಲಿ ನೆನೆಸಿದ ಉದ್ದನೆಯ ಬಟ್ಟೆಯ ಚೀಲವನ್ನು ಆಳುಗುಂಡಿಯ ಮೂಲಕ, ಕಾಲುಚೀಲ ತಿರುವಿದ ಹಾಗೆ ತಿರುವುತ್ತ ಹಳೇ ಕೊಳವೆಯೊಳಕ್ಕೆ ನೀರಿನ ಒತ್ತಡದಿಂದ ನೂಕಿ, ಬಿಸಿನೀರು ಹರಿಸಿ ಗಟ್ಟಿ ಮಾಡಲಾಗುತ್ತದೆ. ಐದು ಗಂಟೆಯಲ್ಲಿ ಹಳೇ ಕೊಳವೆಯ ಹೊಟ್ಟೆಯೊಳಗೆ ಹೊಸ ಕೊಳವೆ ಸಿದ್ಧ. ಕೋಟಿಗೆ ದರ್ಜಿ ಅಸ್ತರು ಹಾಕಿದಂತೆಯೇ. ಒಂದೇ ವ್ಯತ್ಯಾಸವೆಂದರೆ ಕೋಟಿನೊಳಗೆ ದರ್ಜಿಗೆ ಎದುರಾಗುವುದು ಹೆಚ್ಚೆಂದರೆ ನುಸಿಗುಳಿಗೆ.

2. ರಾಳದ ವಾಸನೆಯ ಬಗ್ಗೆ ಬಂದಿರುವ ಮೂವತ್ತೆರಡು ದೂರುಗಳಿಗೂ ಈ ಅರ್ಜಿಗೂ ಸಂಬಂಧವಿಲ್ಲ. ಮೂವತ್ತು ವರ್ಷ ಚರಂಡಿಯ ವಾಸನೆಯನ್ನು ತುಟಿಪಿಟಕ್ಕೆನ್ನದೆ ಕುಡಿದ ಬೀದಿಗೆ ಮೂರು ದಿನದ ಹೊಸ ವಾಸನೆ ತಲೆನೋವು ತಂದಿದೆ. ಅಭ್ಯಾಸಬಲ.

3. ಈ ಕೆಲಸದಲ್ಲಿ ಒಂದು ತೊಡಕಿದೆ. ಚೀಲಕ್ಕೆ ಕಣ್ಣಿಲ್ಲ. ಅದು ಬಿರುಕನ್ನೂ ಮುಚ್ಚುತ್ತದೆ, ಮನೆಮನೆಯಿಂದ ಬಂದು ಸೇರುವ ಕೊಳವೆಗಳ ತೂತನ್ನೂ ಅಷ್ಟೇ ಶ್ರದ್ಧೆಯಿಂದ ಮುಚ್ಚುತ್ತದೆ. ಆದ ಕಾರಣ ಚೀಲ ಗಟ್ಟಿಯಾದ ಮೇಲೆ ಅರ್ಜಿದಾರನು ಗಾಲಿಗಳ ಮೇಲೆ ಓಡುವ ತನ್ನ ಯಂತ್ರವನ್ನು ಕೊಳವೆಯೊಳಗೆ ಬಿಟ್ಟು, ತಾನು ಮೇಲೆ ವ್ಯಾನಿನಲ್ಲಿ ಪರದೆ ನೋಡುತ್ತ ಕುಳಿತು, ಒಂದೊಂದು ಮನೆಯ ತೂತನ್ನೂ ಒಳಗಿನಿಂದ ಮತ್ತೆ ಕೊರೆದು ತೆರೆಯಬೇಕು. ಎಲ್ಲಿ ಕೊರೆಯಬೇಕೆಂಬುದನ್ನು ಹೇಳುವುದು ಅಳತೆ ಪಟ್ಟಿ. ಚೀಲ ಹಾಕುವ ಮುಂಚೆಯೇ ಕ್ಯಾಮೆರಾ ಓಡಿಸಿ 'ಮೂವತ್ತೊಂದು ಅಡಿ, ಎಡಕ್ಕೆ' ಎಂಬಂತೆ ಆ ಪಟ್ಟಿಯನ್ನು ತಯಾರಿಸುವವನು ಅರ್ಜಿದಾರನ ಅಣ್ಣ.

ತೂತಿರುವ ಕಡೆ ಚೀಲ ಸ್ವಲ್ಪ ತಗ್ಗಾಗುತ್ತದೆ, ಅದನ್ನು ನೋಡಿ ಕೊರೆಯಬಾರದೇ ಎಂದು ತಾವು ಕೇಳಬಹುದು. ಹೊಸ ಕೊಳವೆಯಾದರೆ ಕೊರೆಯಬಹುದು. ಅರವತ್ತು ವರ್ಷದ ಕೊಳವೆಯಲ್ಲಿ ಚೂರು ಕಳಚಿದ ಕಡೆಯೆಲ್ಲ ತಗ್ಗು. ಇಪ್ಪತ್ತಮೂರು ಮನೆಯಿರುವ ಬೀದಿಯಲ್ಲಿ ಅರವತ್ತು ತಗ್ಗುಗಳಿರುತ್ತವೆ. ಮುಖದ ತುಂಬ ಸಿಡುಬಿನ ಕಲೆ ಇರುವವನಲ್ಲಿ ಗದ್ದದ ಗುಳಿ ಹುಡುಕಿದಂತೆ.

4. ಅಣ್ಣನೂ ಅರ್ಜಿದಾರನೂ ಈ ಕೆಲಸವನ್ನು ಇಪ್ಪತ್ತೆರಡು ವರ್ಷ ಒಟ್ಟಿಗೆ ಮಾಡಿರುತ್ತಾರೆ. ಅಣ್ಣ ಪಟ್ಟಿ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತು, "ಏ ಮರಿ, ಇಪ್ಪತ್ತೊಂಬತ್ತು, ಎಡಕ್ಕೆ. ಆತುರ ಬೇಡ, ಅದೇನು ಓಡಿ ಹೋಗಲ್ಲ," ಎನ್ನುತ್ತಿದ್ದ. ಅರ್ಜಿದಾರನು ಇಪ್ಪತ್ತೊಂಬತ್ತರಲ್ಲಿ ಕೊರೆಯುತ್ತಿದ್ದ. ತೂತು ಅಲ್ಲೇ ಇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅರ್ಜಿದಾರನು ಪಟ್ಟಿಯನ್ನು ಒಮ್ಮೆಯೂ ಕಣ್ಣಾರೆ ಓದಿರಲಿಲ್ಲ. ಓದುವ ಅಗತ್ಯವಿರಲಿಲ್ಲ. ಊಟ ಬಡಿಸುವವರಿದ್ದಾಗ ಪಾತ್ರೆಯ ಮುಚ್ಚಳ ತೆಗೆದು ಯಾರು ನೋಡುತ್ತಾರೆ?

5. ಈಗ ಸೊನ್ನೆಯ ವಿಚಾರ. ಕಛೇರಿಯ ಕೈಪಿಡಿಯ ಪ್ರಕಾರ ಅಳತೆಯ ಸೊನ್ನೆಯನ್ನು ಕೊಳವೆ ಶುರುವಾಗುವ ಅಂಚಿನಲ್ಲಿ ಇಡತಕ್ಕದ್ದು. ಅರ್ಜಿದಾರನ ಯಂತ್ರ ಹಾಗೆಯೇ ಎಣಿಸುತ್ತದೆ. ಆದರೆ ಅಣ್ಣ ಕೆಲಸಕ್ಕೆ ಸೇರಿದ್ದು ಕೈಪಿಡಿ ಅಚ್ಚಾಗುವ ಮೊದಲು. ಆಗಿನವರು ಆಳುಗುಂಡಿಯ ನಟ್ಟನಡುವೆ ದಾರ ಇಳಿಬಿಟ್ಟು ಅಲ್ಲಿಂದ ಅಳೆಯುತ್ತಿದ್ದರು. ಗುಂಡಿಯ ಅಗಲ ನಾಲ್ಕು ಅಡಿಯಾದ ಕಾರಣ, ಮಧ್ಯದಿಂದ ಅಂಚಿಗೆ ಎರಡು ಅಡಿ. ಹಾಗಾಗಿ ಅಣ್ಣನ ಪಟ್ಟಿಯಲ್ಲಿ ಪ್ರತಿ ಸಂಖ್ಯೆಗೂ ಎರಡು ಅಡಿ ಹೆಚ್ಚು. ಆ ಎರಡು ಅಡಿಯನ್ನು ಅಣ್ಣ ಓದಿ ಹೇಳುವಾಗ ಮನಸ್ಸಿನಲ್ಲೇ ಕಳೆದು ಹೇಳುತ್ತಿದ್ದ. ಪಟ್ಟಿಯಲ್ಲಿ ಮೂವತ್ತೊಂದು, ನಾಲಿಗೆಯಲ್ಲಿ ಇಪ್ಪತ್ತೊಂಬತ್ತು. ಕಳೆಯುತ್ತಿದ್ದೇನೆಂಬುದು ಅವನಿಗೇ ಮರೆತಿತ್ತು. ಕಳೆಯುತ್ತಿದ್ದಾನೆಂಬುದು, ಮುಂದೆ ಹೇಳುವ ಹನ್ನೊಂದು ತೂತು ತಪ್ಪುವವರೆಗೂ, ಅರ್ಜಿದಾರನಿಗೆ ಗೊತ್ತೇ ಇರಲಿಲ್ಲ. ಹೀಗೆ ಈ ಊರಿನ ಒಳಚರಂಡಿ ವ್ಯವಸ್ಥೆಯ ಎರಡು ಅಡಿ, ಯಾವ ಕಡತದಲ್ಲೂ ನಮೂದಾಗದೆ, ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯನ ನಾಲಿಗೆಯ ಮೇಲೆ ವಾಸವಾಗಿತ್ತು.

ಆ ನಾಲಿಗೆ ಹದಿನಾಲ್ಕು ತಿಂಗಳ ಹಿಂದೆ ನಿಂತಿತು.

6. ನಿಂತ ಬಗೆ. ಹೊರಗಿನ ತಂಡವೊಂದು ನಮ್ಮ ಕೆಲಸ ನೋಡಲು ಬಂದಿದ್ದ ದಿನ. ಶೆಡ್ಡಿನಲ್ಲಿ ದೊಡ್ಡ ಪರದೆ, ಅಣ್ಣನ ಕೈಯಲ್ಲಿ ಮೈಕು. ಪರದೆಯ ಮೇಲೆ ಕತ್ತಲೆಯೊಳಗಿಂದ ಅರ್ಜಿದಾರನ ಯಂತ್ರ ಕಾಣಿಸಿಕೊಂಡಾಗ ಅಣ್ಣ, "ಬಂತು ನೋಡಿ ನಮ್ಮನೆ ಹೆಗ್ಗಣ! ನಾನು ತೋರಿಸಿದ ಕಡೆ ಕಡಿಯೋದು ಬಿಟ್ರೆ ಅದಕ್ಕೆ ಬೇರೇನೂ ಬರಲ್ಲ," ಎಂದ. ತಂಡ ನಕ್ಕಿತು. ತಾವೂ ನಕ್ಕಿದ್ದು ಅರ್ಜಿದಾರನಿಗೆ ನೆನಪಿದೆ, ಆದರೆ ಅದನ್ನು ಇಲ್ಲಿ ನಮೂದಿಸಿಲ್ಲ. ಮರುದಿನದಿಂದ ಗೇಟಿನ ಕಾವಲುಗಾರನೂ "ಹೆಗ್ಗಣ ಸಾರ್, ಸೈನ್ ಮಾಡಿ ಹೋಗಿ" ಎನ್ನಲು ಶುರುಮಾಡಿದ.

ತಂಡ ಬಂದ ಆ ದಿನವೇ ಚಹಾದ ಹೊತ್ತಿಗೆ ಅರ್ಜಿದಾರನು ಎಲ್ಲರ ಮುಂದೆ ಹೇಳಿದ್ದು ಹೀಗಿದೆ: "ಹೆಗ್ಗಣ ಕೆಲಸನಾದ್ರೂ ಮಾಡುತ್ತೆ. ನೀನೇನು ಮಾಡಿದೀಯ? ಹುಟ್ಟಿದಾಗಿಂದ ನೋಡ್ತಾ ಕೂತಿದೀಯ, ಅಷ್ಟೇ. ಅಪ್ಪ ಹೋಗುವಾಗ್ಲೂ ನೋಡ್ತಾನೇ ಕೂತಿದ್ದೆ."

ಅಣ್ಣ ಲೋಟ ಕೆಳಗಿಟ್ಟ. "ಆಯ್ತು," ಎಂದ. ಅದೇ ಕೊನೆ.

ಈ ಸಂಬಂಧ ಸತ್ಯಾಂಶವನ್ನು ದಾಖಲಿಸುವುದು ಅರ್ಜಿದಾರನ ಕರ್ತವ್ಯ. ಅಪ್ಪ ಆಸ್ಪತ್ರೆಯಲ್ಲಿದ್ದದ್ದು ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನವೂ ಅಣ್ಣ ಕಬ್ಬಿಣದ ಸ್ಟೂಲಿನ ಮೇಲೆ ಕೂತು ಅಪ್ಪನನ್ನು ನೋಡಿದ. ಅರ್ಜಿದಾರನು ಬಂದದ್ದು ಎರಡು ಸಲ. ಎರಡೂ ಸಲ ಹಣ್ಣು ತಂದು ಮೇಜಿನ ಮೇಲಿಟ್ಟು, ತುರ್ತು ಕೆಲಸವಿದೆಯೆಂದು ಹೊರಟ. ಕೆಲಸವಿರಲಿಲ್ಲ. ನೋಡಲಾಗುತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತನ್ನು ಹಿಂಪಡೆಯಲು ನಮೂನೆ ಯಾವುದೆಂದು ತಲೆಗುಮಾಸ್ತರಲ್ಲಿ ವಿಚಾರಿಸಲಾಯಿತು. ಹುಟ್ಟಿದ ದಿನದ ತಿದ್ದುಪಡಿಗೆ ನಮೂನೆಯಿದೆ, ತಂದೆಯ ಹೆಸರಿನ ತಿದ್ದುಪಡಿಗೂ ಇದೆ, ಆಡಿದ್ದರ ತಿದ್ದುಪಡಿಗೆ ಇಲ್ಲವೆಂದು ಅವರು ಕನ್ನಡಕದ ಮೇಲಿನಿಂದ ತಿಳಿಸಿರುತ್ತಾರೆ.

7. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಕೆಳಗೆ ಅಣ್ಣ, ಮೇಲೆ ಅರ್ಜಿದಾರ. ಮಾತು ಬಿಟ್ಟರೂ ಬದುಕು ಬಿಡದ ಕಾರಣ ಅತ್ತಿಗೆ ಹದಿಮೂರು ತಿಂಗಳು ಸುದ್ದಿ ಸಾಗಿಸಿದರು. ಕಳೆದ ತಿಂಗಳು ಒಂದು ಮಧ್ಯಾಹ್ನ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲಿ ನಿಂತು ಹೇಳಿದರು:

"ನೋಡಪ್ಪ, ಮೇಲಿನ ಟ್ಯಾಂಕು ತುಂಬಿ ಚೆಲ್ತಿದೆಯಂತೆ. 'ನಿನ್ನ ಮೈದುನನಿಗೆ ಹೇಳು' ಅಂದ್ರು ನಿಮ್ಮಣ್ಣ. ಈಗೀಗ ತಮ್ಮ ಅನ್ನಲ್ಲ, ನಿನ್ನ ಮೈದುನ ಅಂತಾರೆ. ನಾನೇನೋ ತವರಿಂದ ತಂದ ಹಾಗೆ! ನೀರು ಚೆಲ್ತಿರೋದು ಅವರ ನೆತ್ತಿ ಮೇಲೇ. ನೆನೀತಾ ನಿಂತಿದಾರೆ, ಆದ್ರೂ ತಲೆ ಎತ್ತಿ ಒಂದು ಕೂಗು ಹಾಕಕ್ಕಾಗಲ್ಲ. ಇವತ್ತಿಗೆ ಸಾಕು. ನಾನು ಈ ಪೋಸ್ಟ್‌ಮ್ಯಾನ್ ಕೆಲಸಕ್ಕೆ ರಾಜೀನಾಮೆ ಕೊಟ್ಟೆ."

"ಅತ್ತಿಗೆ, ಒಂದು ನಿಮಿಷ..."

"ಒಂದು ನಿಮಿಷನೂ ಇಲ್ಲ. ಇಬ್ಬರ ಗಂಟಲಿಗೂ ನಿಮ್ಮದೇ ಯಂತ್ರ ಬಿಡಿಸ್ಕೊಳ್ಳಿ, ಹೋಗಿ."

ಅರ್ಜಿದಾರನ ಹೆಂಡತಿ ಈ ವಿಚಾರದಲ್ಲಿ ಅತ್ತಿಗೆಯ ಪಕ್ಷ ಸೇರಿ ತಟಸ್ಥಳಾಗಿರುತ್ತಾಳೆ. ಕಾರಣ, ಮನೆಯ ಮಾರ್ಗ ಬಂದ್.

8. ಜಗಳವಾದ ಮೇಲೆ ಒಂದು ವರ್ಷ ಅಣ್ಣ ಊರಿನ ಸಮೀಕ್ಷೆಗೆ ಹೋಗಿದ್ದ. ಅರ್ಜಿದಾರ ಬೇರೆ ಘಟಕದಲ್ಲಿ ಕೊಳವೆಗೆ ನುಗ್ಗಿದ ಮರದ ಬೇರು ಕತ್ತರಿಸುತ್ತಿದ್ದ. ಎರಡು ತಿಂಗಳ ಹಿಂದೆ ತಾವು ಇಬ್ಬರನ್ನೂ ಮತ್ತೆ ಒಂದೇ ಶೆಡ್ಡಿಗೆ ಹಾಕಿದಿರಿ. ಗಡಿಯಾರ ರಿಪೇರಿಯವರ ಮನೆಯಿರುವ ಬೀದಿಯ ಕೆಲಸದ ದಿನ ಅಣ್ಣ ಪಟ್ಟಿಯನ್ನು ಕಿರಿಯ ಎಂಜಿನಿಯರಮ್ಮನ ಕೈಗೆ ಕೊಟ್ಟ, ಅವರು ಅರ್ಜಿದಾರನ ಕೈಗೆ ಕೊಟ್ಟರು. ಅರ್ಜಿದಾರನು ಜೀವಮಾನದಲ್ಲಿ ಮೊದಲ ಬಾರಿಗೆ ಪಟ್ಟಿಯನ್ನು ತಾನೇ ಓದಿ, ಬರೆದಿದ್ದಲ್ಲಿ ಬರೆದಂತೆ ಹನ್ನೊಂದು ತೂತು ಕೊರೆದ. ಹನ್ನೊಂದೂ ಎರಡಡಿ ಆಚೆ, ಹಳೇ ಮಣ್ಣಿನ ಗೋಡೆಗೆ ಬಿದ್ದವು. ಸ್ವಚ್ಛವಾದ, ದುಂಡಗಿನ, ಯಾವ ಮನೆಗೂ ಸೇರದ ತೂತುಗಳು. ಇನ್ನು ನಿಜವಾದ ಮನೆಗಳು ಅಸ್ತರಿನ ಹಿಂದೆ ಬಾಟಲಿಗೆ ಬಿರಡೆ ಹಾಕಿದಂತೆ ಮುಚ್ಚಿಯೇ ಉಳಿದವು.

ಮರುದಿನ ಬೆಳಿಗ್ಗೆ ಹನ್ನೊಂದು ಮನೆಯವರು ಸ್ನಾನ ಮಾಡಿದರು. ಮುಂದಿನದನ್ನು ಗಡಿಯಾರ ರಿಪೇರಿಯವರ ಹೆಂಡತಿಯ ಮಾತಿನಲ್ಲೇ ದಾಖಲಿಸುವುದು ಸೂಕ್ತ. ಅವರು ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು.

"ಅಲ್ಲಪ್ಪಾ, ಮುಂಚೆ ನೀರು ನಿಧಾನಕ್ಕೆ ಹೋಗ್ತಿತ್ತು, ಅದು ನಮ್ಮ ತೊಂದರೆ. ನೀವು ರಿಪೇರಿ ಮಾಡಿದ್ಮೇಲೆ ಬೇಗ ಬರ್ತಿದೆ. ಇದೇನು ಸುಧಾರಣೆ?"

"ಅಮ್ಮ, ಒಂದು ಸಣ್ಣ ತಾಂತ್ರಿಕ ವ್ಯತ್ಯಾಸ..."

"ಸಣ್ಣದಾ? ಒಳಗೆ ಬಂದು ನೋಡು. ನಮ್ಮೆಜಮಾನ್ರು ಮಂಚದ ಮೇಲೆ ಕೂತು ಗಡಿಯಾರ ರಿಪೇರಿ ಮಾಡ್ತಿದಾರೆ, ಕಾಲು ಕೆಳಗಿಟ್ಟಿಲ್ಲ. ದೋಣಿ ಹತ್ತಿದವರ ಹಾಗೆ."

9. ತಮ್ಮ ನೋಟಿಸು ಬಂತು: ತಪ್ಪು ಪಟ್ಟಿಯದೋ, ಕೊರೆತದ್ದೋ? ಪಟ್ಟಿಯದಾದರೆ ಅಣ್ಣನನ್ನು ಕ್ಯಾಮೆರಾದಿಂದ ತೆಗೆದು ದಾಸ್ತಾನಿಗೆ ಹಾಕತಕ್ಕದ್ದು, ಕೊರೆತದ್ದಾದರೆ ಅರ್ಜಿದಾರನನ್ನು. ಅರ್ಜಿದಾರನು ಕೈಪಿಡಿಯ ಪುಟ ತೋರಿಸಿ ಕೈತೊಳೆದುಕೊಳ್ಳಬಹುದಿತ್ತು. ಬದಲಿಗೆ 'ಕಣ್ಣು ಮಂಜಾಗಿ ಅಂಕಿ ತಪ್ಪಾಗಿ ಓದಿದೆ, ತಪ್ಪು ಕೊರೆತದ್ದು' ಎಂದು ಬರೆದುಕೊಟ್ಟ. ಆಮೇಲೆ ತಿಳಿದದ್ದೇನೆಂದರೆ ಅದೇ ದಿನ ಅಣ್ಣನೂ ಬರೆದುಕೊಟ್ಟಿದ್ದ: 'ತಪ್ಪು ಪಟ್ಟಿಯದು.'

ಎರಡೂ ಕಾಗದ ಮುಂದಿಟ್ಟುಕೊಂಡು ಕಿರಿಯ ಎಂಜಿನಿಯರಮ್ಮ ಹಣೆ ಒತ್ತಿಕೊಂಡರು. "ರೀ, ನನ್ನ ಸರ್ವೀಸಲ್ಲಿ ಇಬ್ಬರೂ ಅಲ್ಲ ಅಂದಿದ್ದು ನೋಡಿದೀನಿ. ಅದಕ್ಕೆ ರೂಲ್ಸ್ ಇದೆ. ಇಬ್ಬರೂ ನಂದೇ ಅಂದ್ರೆ ಯಾವ ಫೈಲಿಗೆ ಹಾಕ್ಲಿ?"

ಇಲ್ಲಿಗೆ ಅರ್ಜಿದಾರನ ಮನಸ್ಸು ಕರಗಬೇಕಿತ್ತು. ಕರಗಿಯೂ ಇತ್ತು. ಆದರೆ ಆವಕ ಗುಮಾಸ್ತರು ಅಣ್ಣನ ಉತ್ತರವನ್ನು ಮೇಜಿನ ಮೇಲೆ ತೆರೆದಿಟ್ಟು ಚಹಾಕ್ಕೆ ಹೋದ ಕಾರಣ ಅದರ ನಾಲ್ಕನೇ ಅಂಶ ಅರ್ಜಿದಾರನ ಕಣ್ಣಿಗೆ ಬಿತ್ತು. ಅದರಲ್ಲಿ ಹೀಗಿದೆ: 'ನನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ಕಳೆಯುವ ಲೆಕ್ಕ ಬರುವುದಿಲ್ಲ. ಕೂಡಿಸುವುದು ಅಷ್ಟಕ್ಕಷ್ಟೆ. ಆದ್ದರಿಂದ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ.'

ಹದಿನಾಲ್ಕು ತಿಂಗಳ ಮೇಲೆ ಅಣ್ಣ 'ನನ್ನ ತಮ್ಮ' ಎಂದದ್ದು ಅದೇ ಮೊದಲು. ಅದೂ ಇಂಥ ವಾಕ್ಯದಲ್ಲಿ. ಅರ್ಜಿದಾರನು ಆ ಕಾಗದವನ್ನು ಮೂರು ಬಾರಿ ಓದಿದ. ಎರಡು ಬಾರಿ ಸಿಟ್ಟಿನಿಂದ.

'ಮೊದಲು ಬಚ್ಚಲು ತೆರೆಯಿರಿ, ವಿಚಾರಣೆ ಆಮೇಲೆ' ಎಂದು ಬೀದಿಯವರು ಸಹಿ ಹಾಕಿ ಅರ್ಜಿ ಕೊಟ್ಟ ಕಾರಣ ವಿಚಾರಣೆ ನಿಂತಲ್ಲೇ ನಿಂತಿತು. ಹನ್ನೊಂದು ಮನೆಗಳನ್ನು ಅರ್ಜಿದಾರನು ಪಟ್ಟಿ ನಂಬದೆ, ಬಚ್ಚಲಿನಿಂದ ಕಡ್ಡಿ ತೂರಿಸಿ ತೂರಿಸಿ ಹುಡುಕಿ ತೆರೆದ, ತಪ್ಪು ತೂತುಗಳನ್ನು ಮುಚ್ಚಿದ; ಅದಕ್ಕೆ ಒಂಬತ್ತು ದಿನ ಹಿಡಿಯಿತು. ತಾವು ಷರಾ ಬರೆದಿರಿ: 'ಮುಂದಿನ ಬೀದಿಯಲ್ಲಿ ಒಂದು ತೂತು ತಪ್ಪಿದರೂ ಇಬ್ಬರೂ ದಾಸ್ತಾನಿಗೆ.' ದಾಸ್ತಾನಿನ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಕಿಟಕಿ ಇರುತ್ತದೆ. ಮಾತಾಡದ ಇಬ್ಬರಿಗೆ ಅದು ಕಿರಿದು.

10. ಮುಂದಿನ ಬೀದಿ ಗುರುವಾರ. ಆ ಬೀದಿ ನಮ್ಮದೇ. ಇಪ್ಪತ್ತಮೂರು ಮನೆ, ಮೊದಲನೆಯದು ನಮ್ಮ ಮನೆ. ಪಟ್ಟಿ ಕೈಸೇರಿದೆ. ಮೊದಲ ಸಾಲು: 'ಮೂವತ್ತೊಂದು, ಎಡಕ್ಕೆ.' ಪಟ್ಟಿಯಲ್ಲಿ ಸೊನ್ನೆ ಎಲ್ಲಿಯದೆಂದು ಬರೆಯಲು ಅಂಕಣವೇ ಇಲ್ಲ. ಈಗ ಪ್ರಶ್ನೆ ಏನೆಂದರೆ:

(ಅ) ಅಣ್ಣ ಎಂದಿನಂತೆ ಮಧ್ಯದಿಂದ ಅಳೆದಿದ್ದರೆ, ಅರ್ಜಿದಾರನು ಎರಡಡಿ ಕಳೆಯಬೇಕು.

(ಆ) ನೋಟಿಸಿನ ನಂತರ ಅಣ್ಣ ಕೈಪಿಡಿಗೆ ಶರಣಾಗಿ ಅಂಚಿನಿಂದ ಅಳೆದಿದ್ದರೆ, ಕಳೆಯಬಾರದು.

(ಇ) ತಮ್ಮನಿಗೆ ಕಳೆಯಲು ಬರುವುದಿಲ್ಲವೆಂದು ಅಣ್ಣನೇ ಬರೆದುಕೊಟ್ಟಿರುವ ಕಾರಣ, ತಾನೇ ಕಳೆದು ಬರೆದಿರಬಹುದು. ಹಾಗಿದ್ದರೆ ಅರ್ಜಿದಾರನು ಕಳೆದರೆ ಕೆಟ್ಟ.

(ಈ) 'ಅವನು ಈ ಸಲ ಹಟಕ್ಕೆ ಬಿದ್ದು ಕಳೆದೇ ಕಳೆಯುತ್ತಾನೆ' ಎಂದು ಯೋಚಿಸಿ ಅಣ್ಣ ಹಾಗೆಯೇ ಬಿಟ್ಟಿರಬಹುದು. ಹಾಗಿದ್ದರೆ ಕಳೆಯದಿದ್ದರೆ ಕೆಟ್ಟ.

ಅರ್ಜಿದಾರನು ಸೋಮವಾರದಿಂದ (ಅ)ದಿಂದ (ಈ)ವರೆಗೆ ಹೋಗಿ ಬಂದು ಮಾಡುತ್ತಿದ್ದಾನೆ.

11. ಬೇರೆ ದಾರಿಗಳನ್ನು ಪರಿಶೀಲಿಸಲಾಗಿದೆ. ಕ್ಯಾಮೆರಾದ ಚಿತ್ರ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಅದಕ್ಕೆ ಚಿತ್ರೀಕರಣ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಬೇಕು. ಸದರಿ ವಿಭಾಗದ ಮುಖ್ಯಸ್ಥ, ಸಹಾಯಕ, ಬೀಗದ ಕೈ ಇಟ್ಟುಕೊಂಡವ ಮೂವರೂ ಅಣ್ಣನೇ. ನೆಲದ ಮೇಲೆ ಟೇಪು ಹಿಡಿದರೆ ಪ್ರಯೋಜನವಿಲ್ಲ. ಅರವತ್ತು ವರ್ಷದ ಹಿಂದಿನ ಗಾರೆಯವನು ಮನೆಯ ಕೊಳವೆಯನ್ನು ತನ್ನ ಮೂಗಿನ ನೇರಕ್ಕೆ ಓರೆಯಾಗಿ ಹೂತಿದ್ದಾನೆ. ಕಿರಿಯ ಎಂಜಿನಿಯರಮ್ಮನನ್ನು ಕೇಳಿಕೊಡಿ ಎಂದರೆ, "ಅಣ್ಣತಮ್ಮಂದಿರ ನಡುವೆ ಮೂಗು ತೂರಿಸಿದವರ ಮೂಗು ಉಳಿದಿದ್ದು ನಾ ಕಂಡಿಲ್ಲ" ಎಂದು ಉಲ್ಲೇಖ 4ರ ಆದೇಶ ನೀಡಿದರು.

ಅರ್ಜಿದಾರನೇ ಯಾಕೆ ಕೇಳಬಾರದು? ಮೂರು ಸಲ ಏಳು ಹೆಜ್ಜೆ ನಡೆದದ್ದಾಗಿದೆ. ಮೂರು ಸಲವೂ ಅಣ್ಣ ತಲೆ ಎತ್ತಿ ನೋಡಿದ. ಆ ನೋಟದ ಎದುರು 'ನೋಡ್ತಾ ಕೂತಿದ್ದೆ' ಎಂದವನ ಬಾಯಿಂದ ಎರಡು ಪದ ಹೊರಡುವುದು ಸುಲಭವಲ್ಲ. ಒಂದು ಸಲ ಸ್ಟೇಪ್ಲರ್ ತೆಗೆದುಕೊಂಡು ವಾಪಸಾದ. ಇನ್ನೊಂದು ಸಲ ಅದನ್ನು ಹಿಂತಿರುಗಿಸಿ ವಾಪಸಾದ. ಮೂರನೆಯ ಸಲಕ್ಕೆ ಕಾರಣವೇ ಸಿಗಲಿಲ್ಲ.

12. ಗುರುವಾರ ಹತ್ತಕ್ಕೆ ಚೀಲ ಬರುತ್ತದೆ. ರಾಳದಲ್ಲಿ ನೆನೆದ ಚೀಲವನ್ನು ಮೀನಿನ ಹಾಗೆ ಮಂಜುಗಡ್ಡೆಯ ಲಾರಿಯಲ್ಲಿ ತರುವುದು. ಬಿಸಿಯಾದರೆ ಲಾರಿಯಲ್ಲೇ ಗಟ್ಟಿಯಾಗಿ ಲಾರಿಗೇ ಅಸ್ತರಾಗುತ್ತದೆ. ಆದ ಕಾರಣ ಮುಂದೂಡುವಂತಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಕೊರೆತ. ಅಲ್ಲಿಯವರೆಗೆ ಇಪ್ಪತ್ತಮೂರು ಮನೆಯಲ್ಲೂ ನಲ್ಲಿ ತಿರುಗಿಸಬಾರದೆಂದು ಚೀಟಿ ಹಂಚಲಾಗಿದೆ. ಅತ್ತಿಗೆ ಚೀಟಿ ಓದಿ, "ನಮ್ಮನೇಲಿ ಬಾಯಿ ಕಟ್ಟಿರೋದು ಸಾಲ್ದೂಂತ ಈಗ ಬಚ್ಚಲೂ ಕಟ್ತಾರಂತೆ," ಎಂದು ಪಕ್ಕದ ಮನೆಯವರಿಗೆ ಹೇಳಿದ್ದು ಮಹಡಿಗೆ ಕೇಳಿಸಿದೆ. ಕೇಳಿಸಲೆಂದೇ ಹೇಳಿದ್ದು.

ಆದ್ದರಿಂದ ಮೇಲಿನ ಎಲ್ಲ ಕಾರಣಗಳಿಂದಾಗಿ, ಗುರುವಾರ ನಾಲ್ಕು ಗಂಟೆಯೊಳಗೆ ಅಣ್ಣನನ್ನು ತಮ್ಮ ಕೋಣೆಗೆ ಕರೆಸಿ, 'ಮಧ್ಯದಿಂದಲೋ, ಅಂಚಿನಿಂದಲೋ' ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಅರ್ಜಿದಾರನಿಗೆ ತಲುಪಿಸಬೇಕೆಂದೂ, ಕೇಳುವಾಗ ಇದು ಅರ್ಜಿದಾರನ ಪ್ರಶ್ನೆಯೆಂದು ತೋರಗೊಡಬಾರದೆಂದೂ, ಅಣ್ಣ ತಾನಾಗಿ 'ಅವನೇ ಬಂದು ಕೇಳಲಿ' ಎಂದಲ್ಲಿ ಅದನ್ನು ಮಾತ್ರ ಅಗತ್ಯವಾಗಿ ತಿಳಿಸಬೇಕೆಂದೂ ಕೋರಲಾಗಿದೆ.

ಸೊನ್ನೆ ಎಲ್ಲಿದ್ದರೂ ತಮ್ಮ ವಿಶ್ವಾಸಿಯೇ ಆದ,
(ಸಹಿ)
ಕೊರೆಯುವ ಯಂತ್ರದ ಚಾಲಕ
(ರೂಢಿಯಲ್ಲಿ: ಹೆಗ್ಗಣ)

ಲಗತ್ತುಗಳು:
1. ಗುರುವಾರದ ಅಳತೆ ಪಟ್ಟಿಯ ನಕಲು.
2. ಕೈಪಿಡಿಯ ಸಂಬಂಧಿಸಿದ ಪುಟ (ಅಣ್ಣನಿಗೆ ತೋರಿಸಬಾರದು).
3. ಮೂರನೇ ತರಗತಿಯ ಅಂಕಪಟ್ಟಿ. ಗಣಿತದಲ್ಲಿ ಅರ್ಜಿದಾರ ನೂರಕ್ಕೆ ಐವತ್ತೆಂಟು. ಅಣ್ಣನ ಉತ್ತರದ ಅಂಶ ನಾಲ್ಕಕ್ಕೆ ಆಕ್ಷೇಪಣೆಯಾಗಿ.

ಹಿಂಬದಿಯ ಷರಾ (ಗುರುವಾರ, ಸಂಜೆ ಆರು ಗಂಟೆ, ವ್ಯಾನಿನಲ್ಲಿ ಕೂತು ಬರೆದದ್ದು):

ಆವಕ ಗುಮಾಸ್ತರು ಬುಧವಾರ ರಜೆ ಹಾಕಿದ ಕಾರಣ ಮೇಲಿನ ಅರ್ಜಿ ಅರ್ಜಿದಾರನ ಜೇಬಿನಲ್ಲೇ ಉಳಿಯಿತು. ಚೀಲ ಹತ್ತಕ್ಕೆ ಬಂತು, ಮೂರಕ್ಕೆ ಗಟ್ಟಿಯಾಯಿತು. ನಾಲ್ಕಕ್ಕೆ ಅರ್ಜಿದಾರನು ಯಂತ್ರವನ್ನು ಒಳಗೆ ಬಿಟ್ಟ. ಪರದೆಯ ಮೇಲೆ ಇಪ್ಪತ್ತೊಂಬತ್ತು ಅಡಿಯಲ್ಲೂ ಎಡಕ್ಕೆ ಒಂದು ತಗ್ಗು, ಮೂವತ್ತೊಂದರಲ್ಲೂ ಎಡಕ್ಕೆ ಒಂದು ತಗ್ಗು. ಒಂದು ನಮ್ಮ ಮನೆ, ಒಂದು ಬರೀ ಕಲೆ. ಯಂತ್ರವನ್ನು ಮುಂದೆ ಒಯ್ದು, ಹಿಂದೆ ತಂದು, ಮತ್ತೆ ಮುಂದೆ ಒಯ್ದು, ಕೊರೆಯುವ ಬಟನ್ನಿನ ಮೇಲೆ ಬೆರಳಿಟ್ಟು ಅರ್ಜಿದಾರನು ಹನ್ನೆರಡು ನಿಮಿಷ ಒತ್ತದೆ ಕುಳಿತಿದ್ದ. ಬೀದಿಯ ಇಪ್ಪತ್ತಮೂರು ಬಾಗಿಲಲ್ಲೂ ಜನ ನಿಂತಿದ್ದರು.

ಆಗ ಅಣ್ಣ ಬಂದ. ವ್ಯಾನಿನ ಬಾಗಿಲಿಗೆ ಬೆನ್ನು ಹಾಕಿ, ರಸ್ತೆ ಬದಿಯಲ್ಲಿ ಕೊಳಚೆ ನೀರನ್ನು ಬಳಸುದಾರಿಗೆ ಎತ್ತುತ್ತಿದ್ದ ಪಂಪಿನ ಎದುರು ನಿಂತ.

"ಏ ಪಂಪೇ," ಎಂದ, ಗಟ್ಟಿಯಾಗಿ. "ಮಧ್ಯದಿಂದ ಅಳೆದಿರೋದು. ನಾನು ಸಾಯೋವರೆಗೂ ಮಧ್ಯದಿಂದಾನೇ ಅಳೆಯೋದು. ಇಪ್ಪತ್ತೊಂಬತ್ತು, ಎಡಕ್ಕೆ. ಆತುರ ಬೇಡ, ಅದೇನು ಓಡಿ ಹೋಗಲ್ಲ."

ಅರ್ಜಿದಾರನು ಇಪ್ಪತ್ತೊಂಬತ್ತರಲ್ಲಿ ಕೊರೆದ. ಅಸ್ತರಿನ ಬಿಲ್ಲೆ ಕಳಚಿ ಬಿತ್ತು. ಹಿಂದೆಯೇ ಪರದೆಯ ತುಂಬ ಸಾಬೂನು ನೊರೆ. ನಲ್ಲಿ ತಿರುಗಿಸಬಾರದೆಂಬ ಚೀಟಿಯನ್ನು ಅತ್ತಿಗೆ ಮಾನ್ಯ ಮಾಡಿರಲಿಲ್ಲವೆಂದು ಇದರಿಂದ ಸಾಬೀತಾಗುತ್ತದೆ.

ಅಣ್ಣ ಪಂಪಿಗೆ ಮಿಕ್ಕ ಇಪ್ಪತ್ತೆರಡು ಸಂಖ್ಯೆಗಳನ್ನೂ ಹೇಳಿದ. ಇಪ್ಪತ್ತೆರಡೂ ಸರಿಯಾಗಿ ಬಿದ್ದಿವೆ. ಆದ್ದರಿಂದ ಮೇಲಿನ ಕೋರಿಕೆಯನ್ನು ಅರ್ಜಿದಾರನು ಹಿಂಪಡೆದಿರುತ್ತಾನೆ.

ಅದರ ಬದಲಿಗೆ ಹೊಸ ಸ್ಪಷ್ಟೀಕರಣವೊಂದನ್ನು ಕೋರಲಾಗಿದೆ. ಕೆಲಸ ಮುಗಿದ ಮೇಲೆ ಅಣ್ಣ ಎರಡು ಲೋಟ ಚಹಾ ತಂದು, ಒಂದನ್ನು ತಾನು ಹಿಡಿದು, ಇನ್ನೊಂದನ್ನು ಪಂಪಿನ ಮೇಲಿಟ್ಟು, "ಕುಡೀತೀಯೇನೋ?" ಎಂದು ಪಂಪನ್ನು ಕೇಳಿರುತ್ತಾನೆ. ಪಂಪನ್ನು ಉದ್ದೇಶಿಸಿ ಆಡಿದ ಮಾತಿಗೆ ಅರ್ಜಿದಾರನು ನೇರವಾಗಿ ಉತ್ತರಿಸಬಹುದೋ, ಅಥವಾ ಪಂಪಿನ ಮುಖಾಂತರವೇ ಸಲ್ಲಿಸತಕ್ಕದ್ದೋ ಎಂಬುದನ್ನು ದಯವಿಟ್ಟು ತುರ್ತಾಗಿ ತಿಳಿಸುವುದು. ಪಂಪು ಇಲ್ಲಿಯವರೆಗೆ ಉತ್ತರ ಕೊಟ್ಟಿಲ್ಲ. ಅಣ್ಣ ಇನ್ನೂ ಅಲ್ಲೇ ನಿಂತಿದ್ದಾನೆ. ಚಹಾ ಆರುತ್ತಿದೆ.